ಬಾರಾಲಾಚಾದ ಈಚೆ

“ಮಾಸ್ಟ್ರೇ, ಅವರಿಗೆ ಏನಾದರೂ ಆದರೆ ಬಾಯಿಬಿಟ್ಟು ಹೇಳುವವರಲ್ಲ. ನೀವೇ ನೋಡಿಕೊಳ್ಳಬೇಕು.”

2022ರ ಜುಲೈಯಲ್ಲಿ ನಾವು ಹೊರಟಾಗ ಗೆಳೆಯನ ಹೆಂಡತಿ ಹೇಳಿದ ಮಾತಿದು. ನಲ್ವತ್ತು ದಾಟಿದ ಇಬ್ಬರು, ಒಂದು ಬುಲೆಟ್, ಮನಾಲಿಯಿಂದ ಲೇಹ್‌ಗೆ. ನನ್ನ ಮನೆಯಾಕೆಯಂತೂ “ಈ ವಯಸ್ಸಿನಲ್ಲಿ ಬೇಕಿತ್ತಾ?” ಎಂದು ಕೇಳಿ ಸುಮ್ಮನಾಗಿದ್ದಳು.

ಮೊದಲು ಮನಾಲಿಯಿಂದ ರೋಹ್ತಾಂಗ್ ಕಣಿವೆ ಹತ್ತಿಳಿಯಲು ಅರ್ಧ ದಿನ ಬೇಕಿತ್ತಂತೆ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ 46 ಕಿ.ಮೀ. ಉಳಿಯಿತು. ನಾವು ಎಡವಿದ್ದು ಇಲ್ಲೇ. ದಾರಿ ಬೇಗ ಸಾಗಿತೆಂಬ ಹುಮ್ಮಸ್ಸಿನಲ್ಲಿ ಜಿಸ್ಪಾದಲ್ಲಿ ತಂಗಬೇಕಾದವರು ತಂಗಲಿಲ್ಲ. ತಾಂಡಿಯ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಕ್ಯಾನಿನಲ್ಲೂ ಪೆಟ್ರೋಲ್ ಕಟ್ಟಿಕೊಂಡೆವು. ಮುಂದಿನ ಬಂಕ್ 365 ಕಿ.ಮೀ. ದೂರವೆಂದು ಅಲ್ಲಿ ಫಲಕವಿತ್ತು. ಬೆಳಿಗ್ಗೆ 2,000 ಮೀಟರ್ ಎತ್ತರದಲ್ಲಿದ್ದ ನಾವು ಮಧ್ಯಾಹ್ನಕ್ಕೆ ಝಿಂಗ್‌ಝಿಂಗ್‌ಬಾರ್‌ನಲ್ಲಿ, 4,200 ಮೀಟರ್‌ಗಿಂತ ಮೇಲಿದ್ದೆವು. ಕಡಲತೀರದಲ್ಲಿ ಬೆಳೆದ ನಮ್ಮ ಎದೆಗೆ ಅಲ್ಲಿ ಒಂದು ಉಸಿರಿನಲ್ಲಿ ಸಿಗುವುದು ಊರಿನ ಆಮ್ಲಜನಕದ ಸುಮಾರು ಶೇ. 60 ಮಾತ್ರ. ದೇಹ ಇದಕ್ಕೆ ಒಗ್ಗಿಕೊಳ್ಳಲು ದಿನಗಳು ಬೇಕು, ಗಂಟೆಗಳು ಸಾಲವು.

ಢಾಬಾದಲ್ಲಿ ಗೆಳೆಯ ಚಹಾ ಮುಟ್ಟಲಿಲ್ಲ. ಹೊರಗೆ ಹೋಗಿ ವಾಂತಿ ಮಾಡಿ ಬಂದು “ಧೂಳು ಮಾರಾಯ” ಎಂದ. ಢಾಬಾದ ಹೆಂಗಸು ಅವನ ಮುಖ ನೋಡಿ, ಇವರನ್ನು ಕೂಡಲೇ ಕೆಳಗೆ ಕರೆದೊಯ್ಯಿರಿ ಎಂದಳು. ಆಗ ಅವನ ಜೇಬು ನೋಡಿದೆ. ತಲೆನೋವಿನ ಮಾತ್ರೆಯ ಪಟ್ಟಿ ಅರ್ಧ ಖಾಲಿ!

“ಬಾರಾಲಾಚಾ ದಾಟಿದರೆ ಸರ್ಚು. ರಾತ್ರಿ ಮಲಗಿದರೆ ಸರಿಹೋಗುತ್ತದೆ” ಎಂದು ಹಟ ಹಿಡಿದ. ಆದರೆ ಸರ್ಚು ಕೂಡ 4,300 ಮೀಟರ್ ಆಸುಪಾಸಿನಲ್ಲಿದೆ. ರಾತ್ರಿ ಕಾಯಿಲೆ ಹೆಚ್ಚಾದರೆ ಹಿಂದಕ್ಕೆ ಬರಲು ಮತ್ತೆ 4,890 ಮೀಟರ್‌ನ ಆ ಕಣಿವೆಯನ್ನೇ ಹತ್ತಬೇಕು. ಮುಂದಕ್ಕೆ ಹೋದರೆ ಅದಕ್ಕಿಂತಲೂ ಎತ್ತರದ ಕಣಿವೆಗಳು. ಅಲ್ಲಿಂದ ತಗ್ಗಿಗೆ ಸುಲಭದ ದಾರಿಯೇ ಇಲ್ಲ. ಇಷ್ಟು ಹೇಳಿದರೂ ಅವನಿಗೆ ಹಿಡಿಸಲಿಲ್ಲ. ಎರಡು ವರ್ಷ ದುಡ್ಡು ಕೂಡಿಸಿದವನು, ಪಾಪ. “ನಿನಗೆ ಹೆದರಿಕೆ” ಎಂದುಬಿಟ್ಟ. ಹೆದರಿಕೆ ಇತ್ತು, ಸುಳ್ಳೇಕೆ ಹೇಳಲಿ?

ಕೆಳಗೆ ಹೋಗುತ್ತಿದ್ದ ಒಂದು ಲಾರಿಯಲ್ಲಿ ಅವನನ್ನು ಕೂರಿಸಿ, ನಾನು ಬುಲೆಟ್‌ನಲ್ಲಿ ಹಿಂಬಾಲಿಸಿದೆ. ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ, ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ತೊರೆ ಮೊಣಕಾಲಿಗೆ ಬಂದಿತ್ತು. ಅದನ್ನು ಹೇಗೆ ದಾಟಿದೆನೆಂದು ಈಗ ನೆನಪಿಲ್ಲ.

ಜಿಸ್ಪಾ ಇರುವುದು ಸುಮಾರು 3,200 ಮೀಟರ್‌ನಲ್ಲಿ. ಇಶಾ ನಮಾಝ್ ಮುಗಿಸಿ ತಿರುಗಿ ನೋಡಿದರೆ ಅವನು ಎದ್ದು ಕುಳಿತು ದಾಲ್ ಅನ್ನ ತಿನ್ನುತ್ತಿದ್ದ. ನನ್ನೊಡನೆ ಮಾತಿಲ್ಲ. ಮನಾಲಿ ತಲುಪುವವರೆಗೂ ಮಾತಿಲ್ಲ.

ಊರಿಗೆ ಬಂದ ಮೇಲೆ “ಲೇಹ್ ನೋಡಿದಿರಾ?” ಎಂದು ಅವನ ಹೆಂಡತಿ ಕೇಳಿದಳು. “ಮಾಸ್ಟ್ರಿಗೆ ತಲೆಸುತ್ತು ಬಂತು, ಹಿಂದೆ ಬಂದೆವು” ಎಂದ ಮಹಾರಾಯ! ನಾನು ಚಹಾ ಕುಡಿಯುತ್ತಾ ಸುಮ್ಮನಿದ್ದೆ. ಆಕೆ ಈ ಪತ್ರಿಕೆಯನ್ನು ತಪ್ಪದೆ ಓದುತ್ತಾಳೆ. ಇನ್ನು ಅವನಿಗುಂಟು.