ತೂರಾಡುವವರೆಲ್ಲ ಕುಡುಕರಲ್ಲ

“ಬೆಳಿಗ್ಗೆ ಹತ್ತಕ್ಕೇ ಏರಿಸಿಕೊಂಡು ಬಂದಿದ್ದಾನೆ ನೋಡಯ್ಯ!”

ಬಸ್ ನಿಲ್ದಾಣದಲ್ಲಿ ಅರವತ್ತು ದಾಟಿದವರೊಬ್ಬರು ಕಲ್ಲುಬೆಂಚಿನಿಂದ ಎದ್ದು, ಎರಡು ಹೆಜ್ಜೆ ಇಟ್ಟು ಕಂಬ ಹಿಡಿದು ನಿಂತರೆ ಸುತ್ತಲಿನವರ ಬಾಯಲ್ಲಿ ಬರುವ ಮಾತು ಇದೇ. ಕಂಡಕ್ಟರ್ ಸೀಟಿ ಊದುತ್ತಾನೆ, ಬಸ್ಸು ಹೊರಡುತ್ತದೆ. ಆ ಮನುಷ್ಯ ಜನ್ಮದಲ್ಲೇ ಒಂದು ಹನಿ ಮುಟ್ಟದವನಿರಬಹುದು. ಕೇಳುವ ಪುರುಸೊತ್ತು ಯಾರಿಗಿದೆ?

ಪಾರ್ಕಿನ್ಸನ್ ಎಂದರೆ ಕೈ ನಡುಗುವ ಕಾಯಿಲೆ ಎಂದಷ್ಟೇ ಊರಿಗೆ ಗೊತ್ತು. ಆಯುರ್ವೇದದವರು ಕಂಪವಾತ ಎನ್ನುತ್ತಾರೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದರ ಬಗ್ಗೆ ಪುಸ್ತಕ ಬರೆದಾಗ ಕೊಟ್ಟ ಹೆಸರೂ ನಡುಕದ್ದೇ. ಆದರೆ ನಡುಕವೇ ಇಲ್ಲದ ರೋಗಿಗಳೂ ಇದ್ದಾರೆ. ಎಷ್ಟೋ ಮಂದಿಗೆ ನಡುಕಕ್ಕಿಂತ ಹೆಚ್ಚು ಕಾಡುವುದು ಹೊರಗೆ ಕಾಣದ ಬೇನೆ.

ಮನುಷ್ಯ ಎದ್ದು ನಿಂತ ಕೂಡಲೇ ಸುಮಾರು ಅರ್ಧ ಲೀಟರಿನಷ್ಟು ರಕ್ತ ಕಾಲು, ಹೊಟ್ಟೆಯ ಕಡೆಗೆ ಇಳಿಯುತ್ತದೆ. ಆಗ ನರಗಳು ತಾವಾಗಿಯೇ ರಕ್ತನಾಳಗಳನ್ನು ಬಿಗಿ ಮಾಡಿ ತಲೆಗೆ ರಕ್ತ ತಪ್ಪದಂತೆ ನೋಡಿಕೊಳ್ಳುತ್ತವೆ. ಯಾರ ಅಪ್ಪಣೆಗೂ ಕಾಯದೆ ನಡೆಯುವ ಕೆಲಸ ಇದು. ಬೆವರು, ಜೀರ್ಣ, ಮಲ-ಮೂತ್ರ ಎಲ್ಲವೂ ಇದೇ ಇಲಾಖೆಗೆ ಸೇರಿದ್ದು. ಪಾರ್ಕಿನ್ಸನ್ ರೋಗಿಗಳಲ್ಲಿ ಹಲವರಿಗೆ ಈ ಇಲಾಖೆಯೇ ಮುಷ್ಕರ ಹೂಡುತ್ತದೆ. ಎದ್ದ ಮೂರು ನಿಮಿಷದೊಳಗೆ ಮೇಲಿನ ಬಿ.ಪಿ. 20 ಅಂಕ ಇಲ್ಲವೇ ಕೆಳಗಿನದು 10 ಅಂಕ ಇಳಿಯಿತೆಂದರೆ ಡಾಕ್ಟರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಣ್ಣು ಕತ್ತಲೆ, ತಲೆ ಖಾಲಿ, ಕಾಲು ಸೋಲು. ಬಿಸಿಲಲ್ಲಿ ನಿಂತರೆ, ಹೊಟ್ಟೆ ತುಂಬ ಉಂಡರೆ ಇನ್ನೂ ಜೋರು. ಕುರ್ಚಿಯ ಮೇಲೆ ಕೂರಿಸಿ ಪಟ್ಟಿ ಸುತ್ತಿ ನೋಡಿದರೆ ಬಿ.ಪಿ. ಸರಿಯಾಗಿಯೇ ಇರುತ್ತದೆ. “ನಿಲ್ಲಿಸಿಯೂ ಒಂದು ಸಲ ನೋಡಿ ಸಾರ್” ಎಂದು ಮನೆಯವರೇ ಕೇಳಬೇಕಾದೀತು. ಬಿ.ಪಿ. ಇಳಿಸುವ ಮಾತ್ರೆಯೇ ಕಾರಣ ಇದ್ದರೂ ಇರಬಹುದು. ಹಾಗೆಂದು ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ಅಪಾಯ.

ಇಂಥವರು ಅಂಗಡಿಗೂ ಬರುತ್ತಾರೆ. ಜೇಬಿನಿಂದ ನೋಟು ತೆಗೆಯಲು ಎರಡು ನಿಮಿಷ. ದನಿ ಸಣ್ಣದು. ಮುಖದಲ್ಲಿ ನಗುವಿಲ್ಲ, ಅದು ಸಿಟ್ಟಲ್ಲ, ಮುಖದ ಸ್ನಾಯುಗಳೇ ಬಿಗಿದಿರುತ್ತವೆ. “ಬೇಗ ಕೊಡ್ರೀ, ಹಿಂದೆ ಗಿರಾಕಿ ಇದ್ದಾರೆ” ಎಂದು ಗದರಿಸಿದರೆ ಕೈ ಇನ್ನಷ್ಟು ನಿಧಾನವಾಗುತ್ತದೆ. ಗಲ್ಲಾದ ಪಕ್ಕ ಒಂದು ಸ್ಟೂಲು, ಒಂದು ಲೋಟ ನೀರು ಇಟ್ಟರೆ ಸೇಟ್‌ಗಳ ಗಂಟೇನೂ ಹೋಗುವುದಿಲ್ಲ. ತಲೆ ಸುತ್ತಿ ಬಿದ್ದವರನ್ನು ನಾಲ್ಕು ಜನ ಸೇರಿ ಎತ್ತಿ ನಿಲ್ಲಿಸುವುದೇ ತಪ್ಪು. ಮಲಗಿಸಿ ಕಾಲನ್ನು ಕೊಂಚ ಎತ್ತಿ ಹಿಡಿಯಬೇಕು, ಎಚ್ಚರ ಬಂದ ಮೇಲೆ ನೀರು ಕೊಡಬೇಕು. ಕೈಗೆ ಬೀಗದ ಕೈ ತುರುಕುವ ಪದ್ಧತಿಯಿಂದ ಪ್ರಯೋಜನವಿಲ್ಲ.

ಈ ಕಾಯಿಲೆಗೆ ಮುಖ್ಯ ಔಷಧ ಲೀವೋಡೋಪಾ. ನಮ್ಮ ಬೇಲಿಗಳಲ್ಲಿ ಬೆಳೆದು ಮೈ ತುರಿಸುವ ನಸುಗುನ್ನಿಯ ಬೀಜದಲ್ಲೂ ಇದೇ ವಸ್ತು ಇದೆಯೆಂದು ಮದರಾಸಿನ ಇಬ್ಬರು ವಿಜ್ಞಾನಿಗಳು 1937ರಲ್ಲೇ ತೋರಿಸಿದ್ದರು. (ಬೀಜ ಪುಡಿ ಮಾಡಿ ನುಂಗಲು ಇದು ಸಲಹೆಯಲ್ಲ, ಅಳತೆ ತಪ್ಪಿದರೆ ಫಜೀತಿ.) ಮಾತ್ರೆಯ ಹೊತ್ತು ಮೀರಿತೆಂದರೆ ಮೈ ಮರಗಟ್ಟುತ್ತದೆ. ಮೆಡಿಕಲ್ ಸ್ಟೋರಿನವರು “ಸ್ಟಾಕ್ ಇಲ್ಲ, ಸೋಮವಾರ ಬನ್ನಿ” ಎಂದರೆ ಅವರಿಗೆ ಅದೊಂದು ವ್ಯಾಪಾರದ ಮಾತು. ರೋಗಿಗೆ ಸೋಮವಾರದವರೆಗೆ ಹಾಸಿಗೆ. ತಿಂಗಳಿಗೊಮ್ಮೆ ಬರುವ ಗಿರಾಕಿಯ ಚೀಟಿ ಬರೆದಿಟ್ಟುಕೊಂಡು ಮುಂಚೆಯೇ ತರಿಸುವುದು ಅಸಾಧ್ಯವೇನಲ್ಲ.

ಇನ್ನು ಸರ್ಕಾರದ ಕಡೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಈ ಕಾಯಿಲೆಯ ಹೆಸರಿರಲಿಲ್ಲ. 2016ರ ಕಾಯ್ದೆ 21 ಬಗೆಯ ವೈಕಲ್ಯಗಳಲ್ಲಿ ಪಾರ್ಕಿನ್ಸನ್ನನ್ನೂ ಸೇರಿಸಿತು. ಕಾಗದದ ಮೇಲೆ ಬಂದಿದೆ, ಸಂತೋಷ. ಆದರೆ ಹೆಚ್ಚಿನ ಸೌಲಭ್ಯಗಳಿಗೆ ಶೇಕಡಾ 40 ವೈಕಲ್ಯದ ಸರ್ಟಿಫಿಕೇಟು ಬೇಕು. ರೋಗಿ ಬೆಳಿಗ್ಗೆ ಮಾತ್ರೆ ನುಂಗಿ, ಅದು ಹತ್ತಿದ ಹೊತ್ತಿನಲ್ಲಿ ಬೋರ್ಡಿನ ಮುಂದೆ ಹೋದರೆ ಚೆನ್ನಾಗಿಯೇ ನಡೆಯುತ್ತಾನೆ. ಮಧ್ಯಾಹ್ನ ಬಸ್ಸಿನ ಮೆಟ್ಟಿಲ ಮುಂದೆ ಅಂಟಿಕೊಂಡು ನಿಂತ ಕಾಲನ್ನು ಬೋರ್ಡು ನೋಡಿರುವುದಿಲ್ಲ. ತಲೆಸುತ್ತು, ಮೂತ್ರದ ಅವಸರ ಇವನ್ನು ಟೇಬಲ್ಲಿನ ಆಚೆ ಕೂತು ಅಳೆಯುವುದು ಹೇಗೆ? ಮಾತ್ರೆ ಇಳಿದ ಹೊತ್ತಿನಲ್ಲೂ ಒಮ್ಮೆ ನೋಡಿ ಬರೆಯುವುದು ನ್ಯಾಯ.

ಹಿಂದೆ ಇದಕ್ಕೆಲ್ಲ ಬೆಂಗಳೂರಿನ ನಿಮ್ಹಾನ್ಸ್ ಒಂದೇ ದಿಕ್ಕು ಎಂಬಂತಿತ್ತು. 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ಮೆದುಳಿನ ಆರೋಗ್ಯ ಕಾರ್ಯಕ್ರಮ ಆರಂಭಿಸಿ ಜಿಲ್ಲಾ ಆಸ್ಪತ್ರೆ ಮಟ್ಟದಲ್ಲಿ ಕ್ಲಿನಿಕ್ ತೆರೆಯಲು ಹೊರಟಿತು. ಕ್ಲಿನಿಕ್ ಯಾವ ವಾರ, ಯಾವ ಕೋಣೆ ಎಂಬುದನ್ನು ಬಸ್ ನಿಲ್ದಾಣದಲ್ಲೂ ಬರೆಸಿ ಹಾಕಿದರೆ ಹಳ್ಳಿಯಿಂದ ಬರುವವರು ಚೀಟಿ ಹಿಡಿದು ಅಲೆಯುವುದು ತಪ್ಪೀತು.

ಅದಕ್ಕೂ ಮೊದಲು ಶೌಚಾಲಯದ ವಿಷಯ. ಮೂತ್ರ ಬಂತೆಂದರೆ ತಡೆಯಲಾಗದ ಈ ಜನ ಬೀಗ ಹಾಕಿದ ಬಾಗಿಲ ಮುಂದೆ ನಿಲ್ಲಬೇಕಾಗುತ್ತದೆ. ಇದಕ್ಕೆ ಹೆದರಿ ನೀರನ್ನೇ ಕುಡಿಯದೆ ಪ್ರಯಾಣ ಮಾಡುವವರಿದ್ದಾರೆ. ನೀರು ಕಮ್ಮಿಯಾದರೆ ಬಿ.ಪಿ. ಮತ್ತೂ ಇಳಿಯುತ್ತದೆ. ಬೀಗದ ಕೈ ಯಾರ ಹತ್ತಿರ ಇದೆ, ಎಷ್ಟು ಗಂಟೆಗೆ ತೆಗೆಯುತ್ತಾರೆ ಎಂಬುದನ್ನು ಸಂಬಂಧಪಟ್ಟವರು ಈ ವಾರವೇ ಬಾಗಿಲ ಮೇಲೆ ಬರೆಸಲಿ.