ಅಜ್ಜಿ ಕಟ್ಟಿಸಿದ ದಾರ

ಮುಳಬಾಗಿಲು ತಾಲ್ಲೂಕಿನ ಬೈರಕೂರು ಹೋಬಳಿ ಕನ್ನಡನಾಡಿನ ಮೂಡಣ ಅಂಚು. ಅಲ್ಲಿಂದ ಆಂಧ್ರದ ನೆಲ ದೂರವಿಲ್ಲ. ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಪೂಜೆಗೆ ಸಂಸ್ಕೃತ, ಸಂತೆಯಲ್ಲಿ ಇವುಗಳ ಜೊತೆಗೆ ಉರ್ದು. ಬೆಳಗಿನಿಂದ ಸಂಜೆಯೊಳಗೆ ನಾಲ್ಕು ನುಡಿಗಳ ನಡುವೆ ಹಾದುಬರುವುದು ಆ ಸೀಮೆಯವರಿಗೆ ಸಾಹಸವೇನೂ ಅಲ್ಲ. ಆದರೆ ನುಡಿಯ ವಿಷಯದಲ್ಲಿ ಇಷ್ಟು ಸುಲಭವಾದದ್ದು ದೇವರ ವಿಷಯದಲ್ಲಿಯೂ ಅಷ್ಟೇ ಸುಲಭವೆ?

ಓದುಗರು ಅಂತಹ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಅಜ್ಜಿ ಬೈರಕೂರಿನ ಕಡೆಯವಳು. ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವನು, ಓದಿದವನು, ಹರಕೆ, ತಾಯಿತಗಳಲ್ಲಿ ನಂಬಿಕೆ ಕಳೆದುಕೊಂಡು ಎಷ್ಟೋ ವರ್ಷಗಳಾದವು. ಸೊಸೆ ವ್ರತನಿಯಮಗಳಲ್ಲಿ ಶ್ರದ್ಧೆಯುಳ್ಳವಳು. ಬೇಸಿಗೆಯ ರಜೆಗೆ ಊರಿಗೆ ಹೋದ ಮೊಮ್ಮಗನಿಗೆ ಜ್ವರ ಬಂತು. ವೈದ್ಯರ ಔಷಧಿಯೂ ನಡೆಯಿತು. ಅದರ ಜೊತೆಗೆ ಅಜ್ಜಿ ಮುಳಬಾಗಿಲಿಗೆ ಹೋಗಿ, ಹೈದರ್ ವಲಿಯವರ ದರ್ಗಾದಲ್ಲಿ ಸಕ್ಕರೆ ಓದಿಸಿ, ಹುಡುಗನ ತೋಳಿಗೆ ದಾರ ಕಟ್ಟಿಸಿಕೊಂಡು ಬಂದಳು. ಜ್ವರ ಬಿಟ್ಟಿತು. ಹುಡುಗ ದಾರದೊಡನೆ ಬೆಂಗಳೂರಿಗೆ ಹಿಂದಿರುಗಿದ. ಅಪ್ಪನಿಗೆ ಅದು ಮೂಢನಂಬಿಕೆ. ಅಮ್ಮನಿಗೆ ಅದು ಪರರ ದೇವರು. ಇಬ್ಬರ ಕಾರಣಗಳು ಬೇರೆ ಬೇರೆಯಾದರೂ ಇಬ್ಬರ ಕಣ್ಣೂ ಮೇಜಿನ ಮೇಲಿನ ಕತ್ತರಿಯ ಮೇಲೆಯೇ ಬಿತ್ತು!

ಈ ತೊಡಕಿಗೆ ಸಾಮಾನ್ಯವಾಗಿ ಸಿಕ್ಕುವ ಉತ್ತರ, “ಎಲ್ಲ ದೇವರೂ ಒಂದೇ, ಇರಲಿ ಬಿಡಿ” ಎಂಬುದು. ಕೇಳಲು ಹಿತವಾದ ಮಾತು. ಆದರೆ ಎಷ್ಟೋ ವೇಳೆ ಇದು ಔದಾರ್ಯವಲ್ಲ, ಯೋಚಿಸುವ ಶ್ರಮವನ್ನು ತಪ್ಪಿಸಿಕೊಳ್ಳುವ ಉಪಾಯ. ಯಾವುದನ್ನೂ ಗಟ್ಟಿಯಾಗಿ ನಂಬದವನಿಗೆ ಎಲ್ಲವನ್ನೂ ಗೌರವಿಸುವುದು ಕಷ್ಟವೇನಲ್ಲ. ತನ್ನದೊಂದು ನಂಬಿಕೆಯನ್ನು ಬಿಗಿಯಾಗಿ ಹಿಡಿದು, ಅದಕ್ಕೆ ವಿರುದ್ಧವಾದುದನ್ನು ನಂಬುವವನ ಎದುರಿಗೆ ಕುಳಿತು ಮಾತನಾಡುವುದರಲ್ಲಿದೆ ಕಷ್ಟ.

ಮುಳಬಾಗಿಲು ಆ ಕಷ್ಟವನ್ನು ಕಂಡ ಊರು. ಹದಿನಾಲ್ಕನೆಯ ಶತಮಾನದಲ್ಲಿ ಅದ್ವೈತಿಗಳಾದ ವಿದ್ಯಾರಣ್ಯರಿಗೂ ದ್ವೈತಿಗಳಾದ ಅಕ್ಷೋಭ್ಯತೀರ್ಥರಿಗೂ ‘ತತ್ತ್ವಮಸಿ’ ವಾಕ್ಯದ ಅರ್ಥವನ್ನು ಕುರಿತು ಇಲ್ಲಿಯೇ ವಾದ ನಡೆಯಿತೆಂದು ಸಂಪ್ರದಾಯವು ಹೇಳುತ್ತದೆ. ಜೀವನೂ ಬ್ರಹ್ಮನೂ ಒಂದೇ ಎಂಬುವರು ಒಬ್ಬರು, ಎಂದೆಂದಿಗೂ ಬೇರೆ ಎಂಬುವರು ಮತ್ತೊಬ್ಬರು. ಇಬ್ಬರಲ್ಲಿ ಯಾರೂ “ನಿಮ್ಮದೂ ಸರಿ, ನಮ್ಮದೂ ಸರಿ” ಎಂದು ಎದ್ದುಹೋಗಲಿಲ್ಲ. ತೀರ್ಪಿಗಾಗಿ ವಾದವನ್ನು ಬರೆದು ಕಳುಹಿಸಿದ್ದು ವೇದಾಂತದೇಶಿಕರಿಗೆ ಎನ್ನುತ್ತದೆ ಆ ಕಥೆ. ದೇಶಿಕರಾದರೋ ಶ್ರೀವೈಷ್ಣವರು, ವಿಶಿಷ್ಟಾದ್ವೈತಿಗಳು. ಎರಡು ಪಕ್ಷಕ್ಕೂ ಸೇರದವರು, ಎರಡು ಪಕ್ಷವನ್ನೂ ಒಪ್ಪದವರು! ತನ್ನ ಮತವನ್ನು ಒಪ್ಪದ ಮೂರನೆಯವನ ನ್ಯಾಯಬುದ್ಧಿಯನ್ನು ನಂಬಬಹುದು ಎಂಬ ಭಾವನೆ ಈ ಕಥೆಯನ್ನು ಕಾಪಾಡಿಕೊಂಡು ಬಂದವರ ಮನಸ್ಸಿನಲ್ಲಾದರೂ ಇದ್ದಿರಬೇಕು. ಗೆದ್ದವರು ಅಕ್ಷೋಭ್ಯರೆಂದು ದ್ವೈತಿಗಳು ಹೇಳುತ್ತಾರೆ. ಅದ್ವೈತಿಗಳು ಅದನ್ನು ಒಪ್ಪುವುದಿಲ್ಲ. ಆರುನೂರು ವರ್ಷ ಕಳೆದರೂ ಆ ವಾದ ಮುಗಿದಿಲ್ಲ. ಆದರೂ ಎರಡು ಮತದವರೂ ಒಂದೇ ಬೀದಿಯಲ್ಲಿ ಸಂಸಾರ ಮಾಡಿದ್ದಾರೆ.

ಮುಂದಿನ ಶತಮಾನದಲ್ಲಿ ಅದೇ ಮುಳಬಾಗಿಲಿನಲ್ಲಿ ಶ್ರೀಪಾದರಾಜರು ನೆಲೆಸಿದರು. ವ್ಯಾಸರಾಯರು ಓದಿದ್ದು ಅವರ ಬಳಿ. ದೊಡ್ಡ ಮಠದ ಯತಿಗಳಾಗಿಯೂ ‘ರಂಗವಿಠಲ’ ಎಂಬ ಅಂಕಿತದಿಂದ ತಿಳಿಗನ್ನಡದಲ್ಲಿ ಹಾಡಿದವರು ಅವರು. ಊರ ಹೊರಗೆ ನರಸಿಂಹತೀರ್ಥದಲ್ಲಿ ಅವರ ಬೃಂದಾವನವಿದೆ. ಊರೊಳಗೆ ಆಂಜನೇಯ, ದರ್ಗಾದಲ್ಲಿ ಹೈದರ್ ವಲಿ, ಹತ್ತಿರದ ಕುರುಡುಮಲೆಯಲ್ಲಿ ಆಳೆತ್ತರವನ್ನು ಮೀರಿದ ಗಣಪತಿ, ಆವಣಿಯ ಬೆಟ್ಟದ ಬುಡದಲ್ಲಿ ರಾಮಲಿಂಗೇಶ್ವರ. ಆ ಸೀಮೆಯ ಮುದುಕಿಯೊಬ್ಬಳು ಕಷ್ಟಕಾಲದಲ್ಲಿ ಇವರಲ್ಲಿ ಯಾರ ಬಾಗಿಲಿಗೆ ಹೋದರೂ ತನ್ನ ಮನೆದೇವರನ್ನು ಬಿಟ್ಟು ಹೋದೆನೆಂದು ಭಾವಿಸುವುದಿಲ್ಲ. ಹಿಂದೂಗಳೂ ಮುಸಲ್ಮಾನರೂ ದರ್ಗಾಕ್ಕೆ ನಡೆದುಕೊಳ್ಳುವುದು ಅಲ್ಲಿ ವಾಡಿಕೆ.

ಇದೇ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದವರು ಡಿ.ವಿ. ಗುಂಡಪ್ಪನವರು. ವೈದಿಕ ಆಚಾರದ ಮನೆ. ಆ ಹುಡುಗ ಹೆಚ್ಚಿನ ಓದಿಗೆ ಮೈಸೂರಿಗೆ ಹೋಗುವಂತಾದುದರಲ್ಲಿ ಮನೆಯ ಹಿತೈಷಿಯಾಗಿದ್ದ ಜಟಕಾ ಗಾಡಿಯ ರಸೂಲ್ ಖಾನನ ಪಾಲೂ ಇತ್ತೆಂಬುದು ಅವರ ಬಾಳಿನ ಕಥೆಯನ್ನು ಬಲ್ಲವರಿಗೆ ತಿಳಿದ ಸಂಗತಿ. ಅವನು ತನ್ನ ದೀನನ್ನು ಬಿಟ್ಟಿರಲಿಲ್ಲ. ಇವರು ತಮ್ಮ ಮಡಿಯನ್ನು ಬಿಟ್ಟಿರಲಿಲ್ಲ. ಹುಡುಗ ಓದಬೇಕೆಂಬ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯವಿರಲಿಲ್ಲ!

ಆ ಹುಡುಗ ಬೆಳೆದು 1943ರಲ್ಲಿ ‘ಮಂಕುತಿಮ್ಮನ ಕಗ್ಗ’ವನ್ನು ಪ್ರಕಟಿಸಿದರು. ಮೊದಲ ಪದ್ಯದಲ್ಲಿ ಶರಣಾಗತಿಯನ್ನು ಹೇಳಿದ ಕವಿ ಮುಂದೆ ಕೆಲವೇ ಪದ್ಯಗಳೊಳಗೆ ದೇವರೆಂಬುದು ಏನು, ಬಾಳಿಗೆ ಅರ್ಥವುಂಟೆ ಎಂದು ಪ್ರಶ್ನಿಸತೊಡಗುತ್ತಾರೆ. ಶ್ರದ್ಧೆ, ಸಂದೇಹ ಎರಡೂ ಒಂದೇ ಎದೆಯಲ್ಲಿ. ಎಳೆಯ ವಯಸ್ಸಿನಲ್ಲಿಯೇ ಪತ್ನಿಯನ್ನು ಕಳೆದುಕೊಂಡು, ಮರುಮದುವೆಯಾಗದೆ ಬಾಳಿದವರಿಗೆ ಆ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ. ಅದೇ ಲೇಖಣಿ ಗೀತೆಯನ್ನು ಕುರಿತು ‘ಜೀವನಧರ್ಮಯೋಗ’ವನ್ನೂ ಬರೆಯಿತು, 1967ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ತನ್ನೊಳಗೇ ಸಂದೇಹಕ್ಕೆ ಒಂದು ಮಣೆ ಹಾಕಿ ಕೂರಿಸಿದವನಿಗೆ ನೆರೆಮನೆಯವನ ನಂಬಿಕೆ ಬೇರೆಯಾದರೆ ಅಷ್ಟು ಗಾಬರಿಯಾಗುವುದಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 25ನೆಯ ವಿಧಿ ಪ್ರತಿಯೊಬ್ಬನಿಗೂ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಕೊಟ್ಟಿದೆ. ಆದರೆ ಅತ್ತೆ ಸೊಸೆಯರ ನಡುವೆ, ತಂದೆ ಮಗನ ನಡುವೆ ಯಾರು ವಿಧಿಯನ್ನು ಓದಿ ಹೇಳಬೇಕು? ಅಲ್ಲಿ ನಾಲಗೆಯೇ ನ್ಯಾಯಾಲಯ. ಕಲಬುರ್ಗಿ ಜಿಲ್ಲೆಯ ಸನ್ನತಿಯಲ್ಲಿ, 1980ರ ದಶಕದಲ್ಲಿ, ಕುಸಿದ ಗುಡಿಯೊಂದರಲ್ಲಿ ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ಬೆಳಕಿಗೆ ಬಂತು. ಅದರಲ್ಲಿ ಉಳಿದಿರುವುದರಲ್ಲಿ ಹನ್ನೆರಡನೆಯ ಶಾಸನದ ಭಾಗವೂ ಒಂದು. ಸಮಯವಲ್ಲದ ಸಮಯದಲ್ಲಿ ತನ್ನ ಪಂಥವನ್ನು ಹೊಗಳಬಾರದು, ಪರರದನ್ನು ಹಳಿಯಬಾರದು, ಮಾತಿಗೆ ಕಡಿವಾಣವಿರಬೇಕು ಎಂಬುದು ಆ ಶಾಸನದ ತಾತ್ಪರ್ಯ. ಬೌದ್ಧನಾದ ಅರಸನ ಆ ಮಾತಿನ ಮೇಲೆ ದೇವಿ ಶತಮಾನಗಳ ಕಾಲ ನಿಂತಿದ್ದಳು. ಪೂಜೆಗೆ ಬಂದವರಿಗೆ ಅದು ತಿಳಿದಿರಲಿಲ್ಲ.

ಇನ್ನು ಹುಡುಗನ ತೋಳಿನ ದಾರ. ಅಪ್ಪನು ಅಜ್ಜಿಯ ಎದುರಿಗೆ ಭಕ್ತಿಯನ್ನು ನಟಿಸಬೇಕಾದುದಿಲ್ಲ. ನಟನೆ ಗೌರವವಲ್ಲ, ಮುದುಕಿಯನ್ನು ಮಗುವೆಂದು ತಿಳಿದಂತಾಯಿತು. ಅಜ್ಜಿಯೂ ಮಗನನ್ನು ಕಣ್ಣೀರಿನಿಂದ ಗುಡಿಗೆ ಎಳೆಯಬಾರದು. ಹಿರಿಯರ ನಂಬಿಕೆಯನ್ನು ಗೌರವಿಸಿರೆಂದು ಕಿರಿಯರಿಗೆ ಹೇಳುವ ಉಪದೇಶಗಳು ಬೇಕಾದಷ್ಟಿವೆ, ಕಿರಿಯರ ಅಪನಂಬಿಕೆಯನ್ನು ಸಹಿಸಿರೆಂದು ಹಿರಿಯರಿಗೆ ಹೇಳುವವರು ಕಡಮೆ. ಸೊಸೆಗೆ ಪರರ ದೇವರೆಂಬ ಅಳುಕಿದ್ದರೆ ಅದನ್ನು ನಗೆಯಾಡಿ ತಳ್ಳುವುದೂ ಸಲ್ಲದು. ಅವಳ ವ್ರತವೂ ಒಂದು ನಂಬಿಕೆಯೇ. ದಾರ ಕಟ್ಟಿದೆವೆಂದು ಔಷಧಿಯನ್ನು ನಿಲ್ಲಿಸಿದ್ದರೆ ಮಾತು ಬೇರೆಯಾಗುತ್ತಿತ್ತು. ಮಗುವಿನ ಪ್ರಾಣದ ಮುಂದೆ ಯಾರ ನಂಬಿಕೆಗೂ ರಿಯಾಯಿತಿಯಿಲ್ಲ. ಇಲ್ಲಿ ಹಾಗಾಗಲಿಲ್ಲ.

ಕತ್ತರಿ ಮೇಜಿನ ಮೇಲೆಯೇ ಉಳಿಯಿತು. ರಾತ್ರಿ ಊಟದ ಹೊತ್ತಿಗೆ ಹುಡುಗನೇ ಕೇಳಿದ:

“ಅಪ್ಪಾ, ಈ ದಾರದಲ್ಲಿ ನಿನಗೆ ನಂಬಿಕೆ ಇದೆಯೆ?”

“ಇಲ್ಲ. ಅಜ್ಜಿಗೆ ಇದೆ.”

“ಹಾಗಾದರೆ ಅಜ್ಜಿಗೆ ತಿಳಿಯದ ಹಾಗೆ ಬಿಚ್ಚಿಬಿಡಲೆ?”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಅಮ್ಮ ಸಾರಿನ ಪಾತ್ರೆಯನ್ನು ಕೆಳಗಿಟ್ಟು ಅವನ ಮುಖವನ್ನೇ ನೋಡುತ್ತಿದ್ದಳು.

“ತಿಳಿಯದ ಹಾಗೆ ಬೇಡ,” ಎಂದ ಅಪ್ಪ. “ಗೌರಿಹಬ್ಬಕ್ಕೆ ಊರಿಗೆ ಹೋಗುತ್ತೇವಲ್ಲ, ಆಗ ಅವಳನ್ನೇ ಕೇಳು.”