ಕೋತಿ ಎಸೆದ ಸಿಂಬ, ಏಟು ತಿಂದ ಮಗು

1994ರಲ್ಲಿ ಡಿಸ್ನಿಯ 'ದಿ ಲಯನ್ ಕಿಂಗ್' ಸಿನಿಮಾ ಬಂತು. ಅದೇ ವರ್ಷ, ಟಿವಿಗೆ ಸಿಕ್ಕಿಸಿ ಆಡುವ ಅದರ ವಿಡಿಯೊ ಗೇಮೂ ಬಂತು. ಸಿಂಹದ ಮರಿ ಸಿಂಬನನ್ನು ಮಕ್ಕಳೇ ಓಡಿಸಬೇಕು, ನೆಗೆಸಬೇಕು. ಮೊದಲ ಹಂತ ಸಲೀಸು. ಎರಡನೆಯದರಲ್ಲಿ ಜಿರಾಫೆಗಳ ತಲೆ ಮೇಲೆ ಜಿಗಿತ, ಉಷ್ಟ್ರಪಕ್ಷಿ ಸವಾರಿ, ಜತೆಗೆ ಸಿಂಬನನ್ನು ಚೆಂಡಿನಂತೆ ಎಸೆದಾಡುವ ಕೋತಿಗಳು. ಯಾವ ಕೋತಿಯ ಮುಂದೆ ಗರ್ಜಿಸಿದರೆ ಅದು ಎತ್ತ ಎಸೆಯುತ್ತದೆ ಎಂದು ತಿಳಿಯುವಷ್ಟರಲ್ಲಿ ಆಟ ಮುಗಿದಿರುತ್ತಿತ್ತು.

ಎಷ್ಟೋ ಮಕ್ಕಳು ಅಲ್ಲೇ ಸಿಕ್ಕಿಬಿದ್ದರು. ಅದು ಬೇಕಂತಲೇ ಕಷ್ಟ ಮಾಡಿದ್ದು ಎಂದು ಗೇಮ್ ತಯಾರಿಸಿದ ವೆಸ್ಟ್‌ವುಡ್ ಸ್ಟುಡಿಯೋಸ್‌ನ ಲೂಯಿಸ್ ಕ್ಯಾಸಲ್ ಎಷ್ಟೋ ವರ್ಷದ ಮೇಲೆ ಹೇಳಿದರು. ಅಮೆರಿಕದಲ್ಲಿ ಆಗ ಗೇಮ್ ಬಾಡಿಗೆಗೆ ಸಿಗುತ್ತಿತ್ತು, ನಮ್ಮಲ್ಲಿ ಸಿಡಿ ತರುತ್ತಿದ್ದ ಹಾಗೆ. ಬಾಡಿಗೆಗೆ ತಂದಾಗಲೇ ಆಡಿ ಮುಗಿಸಿದರೆ ಆಮೇಲೆ ಕೊಳ್ಳುವವರು ಯಾರು?

ಆದರೂ ಆ ಗೇಮ್ ವಾಸಿ, ಒಮ್ಮೆ ಕೊಂಡರೆ ಆಯಿತು. ಈಗ ನಮ್ಮ ಮಕ್ಕಳ ಕೈಗೆ ಸಿಗುವ ಎಷ್ಟೋ 'ಫ್ರೀ' ಗೇಮ್‌ಗಳು ಮೊದಲು ಗೆಲ್ಲಿಸುತ್ತವೆ. ರುಚಿ ಹತ್ತಿದ ಮೇಲೆ ಲೈಫ್ ಖಾಲಿ. ಕಾಯಿ, ಜಾಹೀರಾತು ನೋಡು, ಇಲ್ಲವೇ ದುಡ್ಡು ಕೊಡು. ಅಪ್ಪನ ಯುಪಿಐ ಪಿನ್ ಗೊತ್ತಿರುವ ಹುಡುಗ ಒತ್ತಿಬಿಡುತ್ತಾನೆ. ಬ್ಯಾಂಕಿನ ಮೆಸೇಜ್ ಬಂದ ಕೂಡಲೇ ಬೆನ್ನಿಗೆ ಬೀಳುತ್ತದೆ.

ಆ ಏಟು ಬೀಳಬೇಕಾದ ಬೆನ್ನು ಅದಲ್ಲ ಅನ್ನೋದು ನಮ್ಮ ಮಾತು. ದೊಡ್ಡವರು ಕೂತು ಲೆಕ್ಕ ಹಾಕಿ ತೋಡಿದ ಗುಂಡಿಗೆ ಎಂಟು ವರ್ಷದ ಮಗು ಬಿದ್ದಿದೆ. ಪಿನ್ ಬದಲಿಸಿ, ಸರಿ. ಜತೆಗೆ ಒಂದು ಸಂಜೆ ಮಗುವಿನ ಪಕ್ಕ ಕೂತು ನೀವೇ ಆಡಿ. ಯಾವ ಹಂತದಲ್ಲಿ ದುಡ್ಡು ಕೇಳುತ್ತದೆ, ಇಬ್ಬರೂ ನೋಡಿ.